ಬಸಿದ ನೀರು

ಮಂಡ್ಯದ ಆಸ್ಪತ್ರೆಯೊಂದರ ಡಯಾಲಿಸಿಸ್ ಕೋಣೆಯ ಹೊರಗೆ ಗೋಡೆಗೆ ತಾಗಿಸಿದ ಉದ್ದನೆಯ ಬೆಂಚಿದೆ. ಮಂಗಳವಾರ ಮತ್ತು ಶುಕ್ರವಾರ ಬೆಳಗ್ಗೆ ನಾವು ಏಳೆಂಟು ಮಂದಿ ಅದರ ಮೇಲೆ ಕುಳಿತು ನಮ್ಮ ಸರದಿಗಾಗಿ ಕಾಯುತ್ತೇವೆ. ಅಲ್ಲಿ ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ ಕಾಯಿಲೆಯ ಕುರಿತಾದುದಲ್ಲ, ಊಟದ ಕುರಿತಾದುದು. ಕೆರಗೋಡಿನ ಕಡೆಯ ರೈತರೊಬ್ಬರು ನನ್ನನ್ನು ಕಂಡ ಮೊದಲ ದಿನವೇ, "ಮನೇಲಿ ಏನ್ ಇಕ್ತಾರೆ ಯಜಮಾನ್ರೆ?" ಎಂದು ಕೇಳಿದ್ದರು. ನಾನು ಉತ್ತರಿಸುವ ಮೊದಲೇ ತಮ್ಮ ಮನೆಯವರ ಮೇಲಿನ ದೂರನ್ನು ಬಿಚ್ಚಿದರು. ಆ ಬೆಂಚಿನ ಮೇಲೆ ಕುಳಿತವರೆಲ್ಲರ ಒಡಲಲ್ಲೂ ಅಂಥದೊಂದು ದೂರು ಇದ್ದೇ ಇರುತ್ತದೆ.

ಹೊಸದಾಗಿ ಬಂದು ಬೆಂಚಿನ ತುದಿಯಲ್ಲಿ ಮುದುಡಿ ಕೂರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಂತ್ರದ ವಿಚಾರವನ್ನು ವೈದ್ಯರು ಹೇಳುತ್ತಾರೆ. ನಾನು ಹೇಳಬೇಕಾದದ್ದು ಒಂದು ಪಾತ್ರೆ ಬಸ್ಸಾರಿನ ವಿಚಾರ, ಮತ್ತು ಅದನ್ನು ಕದ್ದು ಕುಡಿದವನ ವಿಚಾರ.

ನನ್ನ ಹೆಸರು ಇನ್ನಾಸಪ್ಪ. ಮಳವಳ್ಳಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಂಡಿತನಾಗಿದ್ದು ನಿವೃತ್ತನಾದವನು. ಭಾನುವಾರದ ಪೂಜೆಯ ನಂತರ ನಮ್ಮ ಕ್ರೈಸ್ತ ದೇವಾಲಯದ ಮಕ್ಕಳಿಗೆ ಧರ್ಮೋಪದೇಶವನ್ನೂ ಮಾಡುತ್ತಿದ್ದೆ. ಪಾಪವೆಂದರೇನು, ಕೃಪೆಯೆಂದರೇನು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಬಾಯಿಪಾಠ ಮಾಡಿಸುತ್ತಿದ್ದೆ. ತಡವರಿಸಿದವರನ್ನು ಎದ್ದು ನಿಲ್ಲಿಸುತ್ತಿದ್ದೆ. ಆ ಎರಡು ಉತ್ತರಗಳನ್ನು ನಾನೇ ಕಲಿತದ್ದು ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ನನ್ನ ಮನೆಯ ಅಡುಗೆಕೋಣೆಯಲ್ಲಿ.

ಮೊದಲು ಪಾದಗಳು ಊದಿದವು. ಚಪ್ಪಲಿ ಬಿಗಿಯಾಯಿತೆಂದು ಬೇರೆ ಕೊಂಡೆ. ಆಮೇಲೆ ಬೆಳಗಿನ ಕಾಫಿಯ ವಾಸನೆಗೇ ಹೊಟ್ಟೆ ತೊಳಸತೊಡಗಿತು. ಮಗ ಅಂತೋಣಿ ಮಂಡ್ಯಕ್ಕೆ ಕರೆದೊಯ್ದ. ರಕ್ತಪರೀಕ್ಷೆಯ ಹಾಳೆಗಳನ್ನು ನೋಡಿದ ವೈದ್ಯೆ, ಎದುರಿಗೆ ಕುಳಿತ ನನ್ನನ್ನು ಬಿಟ್ಟು, ಹಿಂದೆ ನಿಂತಿದ್ದ ಮಗನ ಮುಖ ನೋಡಿ ಮಾತಾಡಿದರು. ಎರಡೂ ಮೂತ್ರಪಿಂಡಗಳು ಬಹುಪಾಲು ಕೆಲಸ ನಿಲ್ಲಿಸಿವೆ ಎಂದರು. ಅಂತೋಣಿ ಆ ಹಾಳೆಯನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಮಡಿಸುತ್ತಲೇ ಹೋದ. ಸೊಸೆ ಸವಿತಾ ಮಾತ್ರ ಒಂದು ಮಾತು ಕೇಳಿದಳು.

"ಊಟ ಎಂಗೆ ಮೇಡಂ?"

ಮಾವನ ಆಯುಷ್ಯದ ಮಾತು ನಡೆಯುತ್ತಿರುವಾಗ ಇವಳಿಗೆ ಊಟದ ಚಿಂತೆಯೇ ಎಂದು ನಾನು ಮನಸ್ಸಿನಲ್ಲೇ ಬರೆದಿಟ್ಟುಕೊಂಡೆ.

ಸವಿತಾಳ ವಿಚಾರದಲ್ಲಿ ನಾನು ಮನಸ್ಸಿನಲ್ಲಿ ಬರೆದಿಟ್ಟುಕೊಂಡದ್ದು ಅದಕ್ಕೂ ಮೊದಲೇ ಬಹಳವಿತ್ತು. ಆಕೆ ಕೊಪ್ಪದ ಕಡೆಯ ಬೇಸಾಯದ ಮನೆಯ ಹೆಣ್ಣುಮಗಳು. ಮಗ ಮೆಚ್ಚಿ ತಂದವಳು. ಆಕೆ ತನ್ನ ದೇವರನ್ನು ಬಿಡಲಿಲ್ಲ. ಬಿಡಬೇಕೆಂದು ನಾನೂ ಬಾಯಿಬಿಟ್ಟು ಹೇಳಲಿಲ್ಲ. ಭಾನುವಾರ ದೇವಾಲಯದ ಬಾಗಿಲವರೆಗೆ ಬಂದು, ಮರದ ನೆರಳಿನಲ್ಲಿ ಕುಳಿತು, ಪೂಜೆ ಮುಗಿದ ಮೇಲೆ ನನ್ನ ಕೈಹಿಡಿದು ಮೆಟ್ಟಿಲಿಳಿಸುತ್ತಿದ್ದಳು. ನನ್ನ ಹೆಂಡತಿ ತೀರಿಕೊಂಡ ಮೇಲೆ ಎರಡು ಹಸುಗಳನ್ನೂ, ಈ ಮನೆಯನ್ನೂ ನಡೆಸಿದವಳು ಅವಳೇ. ಆದರೂ ಕೃಪೆಯ ಅರ್ಥ ತಿಳಿಯದ ಮನೆಯಿಂದ ಬಂದವಳೆಂಬ ಒಂದು ಎಣಿಕೆ ನನ್ನಲ್ಲಿತ್ತು. ಅದನ್ನು ಮರೆಮಾಡುವಷ್ಟು ಸಭ್ಯತೆಯೂ ಇತ್ತು.

ಡಯಾಲಿಸಿಸ್ ಶುರುವಾದ ಮೇಲೆ ಮನೆಯಲ್ಲಿ ಒಂದೊಂದಾಗಿ ವಸ್ತುಗಳು ಕಾಣೆಯಾದವು. ಮೊದಲು ಮುದ್ದೆ ಹೋಯಿತು. ತಟ್ಟೆಗೆ ಅನ್ನ ಬಂತು. ಎಳನೀರು ಬಂದವರಿಗೆ ಸಿಗುತ್ತಿತ್ತು, ನನಗೆ ಇಲ್ಲ. ಕುಡಿಯುವ ನೀರನ್ನು ಬೆಳಗ್ಗೆಯೇ ಒಂದು ಸೀಸೆಗೆ ಅಳೆದು ತುಂಬಿ, "ಇವತ್ತಿಗೆ ಇಷ್ಟೇ ಮಾವ, ನೋಡ್ಕೊಂಡು ಕುಡೀರಿ" ಎಂದು ಇಡುತ್ತಿದ್ದಳು. ಬಾಳೆಹಣ್ಣಂತೂ ಕಣ್ಣಿಗೇ ಬೀಳಲಿಲ್ಲ. ಒಂದು ದಿನ ಹಸುಗಳನ್ನು ನೋಡಲೆಂದು ಕೊಟ್ಟಿಗೆಗೆ ಹೋದವನಿಗೆ ಹಳೆಯ ಗೋಣಿಚೀಲದ ಕೆಳಗೆ ಹಳದಿ ಕಂಡಿತು. ಎತ್ತಿದೆ. ಹಣ್ಣಾದ ಒಂದು ಇಡೀ ಚಿಪ್ಪು. ಕೊಟ್ಟಿಗೆಯಲ್ಲಿ ಬಾಳೆಹಣ್ಣು ಬಚ್ಚಿಡುವ ಮನೆಯಲ್ಲಿ ಇನ್ನೂ ಏನೇನು ಬಚ್ಚಿಟ್ಟಿದ್ದಾರೋ ಎಂದು ಆ ದಿನದಿಂದ ಬಾಗಿಲುಗಳ ಸದ್ದಿಗೆ ಕಿವಿಗೊಡತೊಡಗಿದೆ. ಮಗ-ಸೊಸೆ ಮಾತಾಡುತ್ತಿದ್ದವರು ನಾನು ಹೋದರೆ ನಿಲ್ಲಿಸುತ್ತಿದ್ದರು. ನಿಲ್ಲಿಸಿದರೋ, ಅವರ ಮಾತೇ ಮುಗಿದಿತ್ತೋ, ಈಗ ಹೇಳಲಾರೆ.

ಆದರೆ ನನ್ನನ್ನು ಚುಚ್ಚಿದ್ದು ಬಸ್ಸಾರು. ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊರಗಿನವರಿಗೆ ಎರಡು ಮಾತು. ಕಾಳು, ಸೊಪ್ಪುಗಳನ್ನು ಒಟ್ಟಿಗೆ ಬೇಯಿಸಿ, ನೀರನ್ನು ಬಸಿದುಕೊಂಡು, ಆ ನೀರಿಗೆ ಖಾರ ಅರೆದು ಹಾಕಿ ಕುದಿಸಿದರೆ ಬಸ್ಸಾರು. ಉಳಿದ ಕಾಳುಸೊಪ್ಪು ಪಲ್ಯ. ಸತ್ವವೆಲ್ಲ ಇಳಿದಿರುವುದು ಬಸಿದ ನೀರಿನಲ್ಲಿ ಎಂಬುದನ್ನು ನಮ್ಮಲ್ಲಿ ಯಾರೂ ಯಾರಿಗೂ ಕಲಿಸುವುದಿಲ್ಲ; ಹುಟ್ಟುತ್ತಲೇ ಬಲ್ಲರು. ಸವಿತಾ ಆ ನೀರಿನಲ್ಲಿ ಮನೆಮಂದಿಗೆ ಸಾರು ಮಾಡಿ, ಉಳಿದ ಸೊಪ್ಪನ್ನು ಮತ್ತೊಮ್ಮೆ ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ನನ್ನ ತಟ್ಟೆಗೆ ಹಾಕುತ್ತಿದ್ದಳು. ಕೇಳಿದರೆ, "ಡಾಕ್ಟ್ರು ಅಂಗೇ ಯೋಳವ್ರೆ ಮಾವ, ನೀರ್ನಲ್ಲಿ ನಿಮ್ಗಾಗ್ದೇ ಇರೋದು ಇಳ್ದಿರ್ತದಂತೆ" ಎನ್ನುತ್ತಿದ್ದಳು. ಅವಳು ಹೇಳದೆ ಬಚ್ಚಿಟ್ಟಳೆಂದು ನಾನು ದೂರಲಾರೆ. ಹೇಳಿದಳು. ನಾನು ನಂಬಲಿಲ್ಲ.

ಆ ದಿನಗಳಲ್ಲೇ ಮದ್ದೂರಿನಿಂದ ನನ್ನ ಅಕ್ಕ ಆರೋಗ್ಯಮ್ಮ ನೋಡಲು ಬಂದಳು. ನನಗಿಂತ ಆರು ವರ್ಷ ದೊಡ್ಡವಳು. ಇವತ್ತಿಗೂ ನಾನವಳಿಗೆ ಚಡ್ಡಿ ಹಾಕಿಕೊಳ್ಳಲು ಬಾರದ ಇನ್ನಾಸಿ. ಊಟಕ್ಕೆ ಕುಳಿತಾಗ ನನ್ನ ತಟ್ಟೆಯನ್ನು ಬಗ್ಗಿ ನೋಡಿದಳು.

"ಇದೇನ್ಲಾ ಇದು? ಕಬ್ಬಿನ್ ಹಿಪ್ಪೆ ಇದ್ದಂಗೈತೆ."

"ಪಥ್ಯದ ಊಟ ಅಕ್ಕ."

"ಪಥ್ಯನೂ ಇಲ್ಲ ಗಿಥ್ಯನೂ ಇಲ್ಲ. ರಸ ಎಲ್ಲಾ ಹಿಂಡ್ಕಂಡು ಹಿಪ್ಪೆ ನಿಂಗಾಕವ್ಳೆ. ನಮ್ಮವ್ವ ಬಾಣಂತೀರ್ಗೂ ಬಸ್ದಿದ್ ನೀರೇ ಕುಡುಸ್ತಿದ್ಲು, ಮರ್ತ್ಬುಟ್ಯಾ?"

"ವೈದ್ಯರು ಹೇಳಿದ್ದಾರಂತೆ."

"ಯೋಳವ್ರಂತೆ ಅಂತ ಯಾರ್ ಅಂದದ್ದು? ನೀನ್ ಕಿವಿಯಾರೆ ಕೇಳುದ್ಯಾ?"

ನಾನು ಕೇಳಿರಲಿಲ್ಲ. ಊಟದ ವಿಚಾರವನ್ನು ಆಸ್ಪತ್ರೆಯವರು ಸವಿತಾಳಿಗೆ ವಿವರಿಸುವಾಗ ನಾನು ಒಳಗೆ ಯಂತ್ರಕ್ಕೆ ಕೈಕೊಟ್ಟು ಮಲಗಿದ್ದೆ. ಅಕ್ಕ ಮರುದಿನ ಬೆಳಗ್ಗೆ ಬಸ್ಸು ಹತ್ತಿ ಹೋದಳು. ಅವಳ ಪ್ರಶ್ನೆ ಹೋಗಲಿಲ್ಲ. ಅದನ್ನು ಅಕ್ಕನ ತಲೆಗೆ ಕಟ್ಟುವುದು ಅನ್ಯಾಯ. ನನ್ನೊಳಗೆ ಮೊದಲೇ ಇದ್ದದ್ದಕ್ಕೆ ಅವಳು ದನಿ ಕೊಟ್ಟಳು, ಅಷ್ಟೆ.

ಸಂಜೆ ಐದರ ಹೊತ್ತಿಗೆ ಸವಿತಾ ಡೈರಿಗೆ ಹಾಲು ಹಾಕಲು ಹೋಗುತ್ತಾಳೆ. ಅಂತೋಣಿ ಮದ್ದೂರಿನ ನೀರಾವರಿ ಕಚೇರಿಯಿಂದ ಬರುವುದು ಆರೂವರೆಗೆ. ಒಂದು ಶನಿವಾರ ಆ ಹೊತ್ತಿನಲ್ಲಿ ನಾನು ಅಡುಗೆಕೋಣೆಗೆ ಹೋಗಿ, ಮುಚ್ಚಳ ತೆಗೆದು, ಒಂದು ಸೌಟು ಬಸ್ಸಾರು ಕುಡಿದೆ. ತಿಂಗಳುಗಳ ಮೇಲೆ ನಾಲಗೆಗೆ ಬೆಳ್ಳುಳ್ಳಿ, ಮೆಣಸು, ಹುಳಿ ಮುಟ್ಟಿದವು. ಕಣ್ಣಲ್ಲಿ ನೀರು ಬಂತು. ಏನೂ ಆಗಲಿಲ್ಲ. ನೋಡಿದೆಯಾ, ಏನೂ ಆಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಭಾನುವಾರ ದೇವಾಲಯದಲ್ಲಿ ಪರಮಪ್ರಸಾದ ಸ್ವೀಕರಿಸಿ ಬಂದ ಅದೇ ಬಾಯಿಯಿಂದ ಸಂಜೆ ಒಂದು ಲೋಟ. ಸೋಮವಾರ ಹುರುಳಿಕಾಳು ಬಸ್ಸಾರು, ಎರಡು ಲೋಟ. ಮಟ್ಟ ಇಳಿದದ್ದು ಕಾಣಬಾರದೆಂದು ಪಾತ್ರೆಗೆ ಎರಡು ಲೋಟ ನೀರು ಸುರಿದೆ. ಲೋಟ ತೊಳೆದು ಮಗುಚಿಟ್ಟೆ. ಊಟಕ್ಕೆ ಕುಳಿತ ಅಂತೋಣಿ, "ಏನ್ ಸಾರಿದು, ನೀರ್ ನೀರಾಗೈತೆ?" ಎಂದು ಗೊಣಗಿದ. ಸವಿತಾ ಬೆರಳಿಗೆ ಸಾರು ಹಚ್ಚಿ ರುಚಿ ನೋಡಿ, ಪಾತ್ರೆಯ ಕಡೆ ನೋಡಿದಳು. ನಾನು ತಲೆತಗ್ಗಿಸಿ ಅನ್ನ ಕಲಸುತ್ತಿದ್ದೆ.

ಮಂಗಳವಾರ ಬೆಳಗ್ಗೆ ಆಸ್ಪತ್ರೆಗೆ ಹೊರಡಬೇಕು. ಹೊಸ್ತಿಲು ದಾಟಲು ಕಾಲೆತ್ತಿದರೆ ಕಾಲು ಬರಲಿಲ್ಲ. ಅದು ನನ್ನ ಕಾಲೇ ಅಲ್ಲವೆಂಬಂತಿತ್ತು. ತುಟಿ ಜುಮ್ಮೆನ್ನುತ್ತಿತ್ತು. ಎದೆಯೊಳಗೆ ಬಡಿತಗಳ ನಡುವೆ ಉದ್ದುದ್ದ ಬಿಡುವು. ಬಾಗಿಲಿಗೆ ಒರಗಿ ಕುಸಿದೆ. ಪಕ್ಕದ ಮನೆಯವರ ಕಾರಿನಲ್ಲಿ ಮಂಡ್ಯ ಮುಟ್ಟುವವರೆಗೆ ಸವಿತಾ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಮಾತು ಹೇಳುತ್ತಿದ್ದಳು: "ಕಣ್ ಬುಡಿ ಮಾವ. ಕಣ್ ಮುಚ್ಬ್ಯಾಡಿ." ಆ ಸ್ಥಿತಿಯಲ್ಲೂ ನಾನು ಯೋಚಿಸುತ್ತಿದ್ದೆ: ಇವಳೇ ಏನಾದರೂ ಹಾಕಿದಳೋ? ಸಾಯುವವನ ಕೊನೆಯ ಪ್ರಾರ್ಥನೆ ಎಂಥದಿರುತ್ತದೆಂದು ಬಹಳ ಸಲ ಊಹಿಸಿದ್ದೆ. ಅಂದು ನನ್ನಲ್ಲಿ ಹುಟ್ಟಿದ್ದು ಅದು.

ಎದೆಗೆ ತಂತಿಗಳನ್ನು ಅಂಟಿಸಿದರು, ಸೂಜಿಮದ್ದು ಕೊಟ್ಟರು, ಯಂತ್ರಕ್ಕೆ ಹಾಕಿದರು. ವೈದ್ಯೆ ಬಂದು ಕಾಗದ ನೋಡಿ ದನಿಯೇರಿಸಿದರು.

"ರಕ್ತದಲ್ಲಿ ಪೊಟ್ಯಾಸಿಯಂ ಹೀಗೆ ಏರಿದರೆ ಹೃದಯ ನಿಂತೇ ಹೋಗುತ್ತದೆ. ಏನು ಕೊಟ್ಟಿರಿ ಇವರಿಗೆ? ಎಳನೀರಾ, ಹಣ್ಣಾ?"

ಆ ಕೋಣೆಯಲ್ಲಿ ಆರು ಹಾಸಿಗೆಗಳಿವೆ. ಯಂತ್ರ ನೋಡಿಕೊಳ್ಳುವಾತ ನನ್ನ ಹಳೆಯ ವಿದ್ಯಾರ್ಥಿ. ಈಗಲೂ ನನ್ನೆದುರು ಕೈಕಟ್ಟಿ ನಿಲ್ಲುವವನು. ಎಲ್ಲರೂ ನನ್ನತ್ತ ನೋಡುತ್ತಿದ್ದರು. ನನಗೆ ಮಾತಾಡುವಷ್ಟು ಶಕ್ತಿ ಇತ್ತು. ಬಾಯಿ ತೆರೆಯಲಿಲ್ಲ.

"ಬಸ್ಸಾರು ಮೇಡಂ," ಎಂದಳು ಸವಿತಾ. "ಎರಡ್ ಲೋಟ. ನಾನೇ ಕೊಟ್ಟೆ."

"ನೀರು ಚೆಲ್ಲಿ ಕೊಡಿ ಅಂತ ನಿಮಗೇ ತಾನೆ ನಾನು ಹೇಳಿದ್ದು?"

"ಊಂ ಮೇಡಂ. ಬಾಯಿ ಕೆಟ್ಟೋಗದೆ ಪಾಪ ಅಂತ ಕೊಟ್ಬುಟ್ಟೆ. ತಪ್ಪಾಯ್ತು."

ಅಂತೋಣಿ ಹೆಂಡತಿಯ ಕಡೆ ತಿರುಗಿದ. "ತಲೆ ಐತಾ ನಿಂಗೆ? ನಮ್ಮಪ್ಪನ್ನ ಸಾಯ್ಸಬೇಕು ಅಂತಲೇ ಮಾಡ್ದ್ಯಾ?" ಎಂದ, ಆರು ಹಾಸಿಗೆಯವರಿಗೂ ಕೇಳುವಂತೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ನಾನು ಕಣ್ಣು ಮುಚ್ಚಿಕೊಂಡೆ. ನಿದ್ದೆ ಬಂದಿರಬೇಕೆಂದು ಎಲ್ಲರೂ ತಿಳಿದರು.

ಆ ನಾಲ್ಕು ಗಂಟೆ ಯಂತ್ರದ ಸದ್ದು ಕೇಳುತ್ತ ಮಲಗಿದ್ದಾಗ, ನಾನೇ ಮಕ್ಕಳಿಗೆ ನೂರು ಸಲ ಹೇಳಿದ್ದ ಆ ತೋಟದ ಕಥೆ ನೆನಪಾಯಿತು. ಮೊದಲ ಗಂಡುಹೆಣ್ಣಿಗೆ ಹಸಿವಿರಲಿಲ್ಲ, ಬಡತನವಿರಲಿಲ್ಲ. ಸರ್ಪವು ಅವರಿಗೆ ದೇವರು ಬೇಡವೆಂದ ಹಣ್ಣನ್ನು ತಿನ್ನಿಸಲಿಲ್ಲ, ಒಂದು ಸಂಶಯವನ್ನು ತಿನ್ನಿಸಿತು: ಆತ ಒಳ್ಳೆಯದನ್ನು ನಿಮ್ಮಿಂದ ಮುಚ್ಚಿಟ್ಟಿದ್ದಾನೆ, ನಿಜವಾಗಿ ಹಾಗೆ ಹೇಳಿದನೇ? ಹಣ್ಣು ಆಮೇಲಿನ ಮಾತು. ನಾನು ಪಾಪಗಳ ಪಟ್ಟಿಯಲ್ಲಿ ಕಳ್ಳತನವನ್ನು ಕಲಿಸಿದ್ದೆ, ಸುಳ್ಳನ್ನು ಕಲಿಸಿದ್ದೆ. ಅವೆರಡರ ಬೇರಿನಲ್ಲಿ ಕೂತಿರುವ ಇದನ್ನು ಕಲಿಸಿರಲಿಲ್ಲ.

ಇಷ್ಟು ಅರಿವಾದ ಮೇಲೆ ಬಾಯಿ ಬಿಟ್ಟಿರಬೇಕೆಂದು ಓದುವವರಿಗೆ ಅನ್ನಿಸಬಹುದು. ಬಿಡಲಿಲ್ಲ. ಸಂಶಯ ಸುಲಭದಲ್ಲಿ ಮನೆ ಬಿಡುವ ಅತಿಥಿಯಲ್ಲ. ಅದು ಈಗ ಹೊಸ ಕೋಣೆ ಸೇರಿತು. ಎರಡು ಲೋಟ ಎಂದು ಅವಳಿಗೆ ಹೇಗೆ ತಿಳಿಯಿತು? ಕದಿಯುವುದನ್ನು ಕಂಡೂ ಸುಮ್ಮನಿದ್ದಳೇ? ತಪ್ಪನ್ನು ಮೈಮೇಲೆಳೆದುಕೊಂಡು ಇನ್ನು ಜೀವಮಾನವೆಲ್ಲ ನನ್ನನ್ನು ಮುಷ್ಟಿಯಲ್ಲಿ ಹಿಡಿಯುವ ಯೋಚನೆಯೇ? ಅರ್ಹತೆಯಿಲ್ಲದವನಿಗೆ ಕೇಳದೆಯೇ ದೊರೆಯುವ ದಾನವೇ ಕೃಪೆ ಎಂದು ಬಾಯಿಪಾಠ ಮಾಡಿಸಿದವನು ನಾನು. ಅದು ಡೈರಿಯ ಹಾಲಿನ ವಾಸನೆ ಹೊತ್ತ ಸೀರೆಯಲ್ಲಿ ನನ್ನ ಹಾಸಿಗೆಯ ಪಕ್ಕ ನಿಂತಾಗ, ಇದರ ಹಿಂದೆ ಏನಿದೆಯೆಂದು ಹುಡುಕುತ್ತಿದ್ದೆ.

ಅಂತೋಣಿ ಸವಿತಾಳಿಗೆ ನನ್ನ ಊಟವನ್ನು ಮುಟ್ಟಬಾರದೆಂದು ಕಟ್ಟುನಿಟ್ಟು ಮಾಡಿದ. ಮದ್ದೂರಿನಿಂದ ಅಕ್ಕನನ್ನು ಕರೆಸಿ ಅಡುಗೆಕೋಣೆ ಒಪ್ಪಿಸಿದ. ಗಂಡಹೆಂಡಿರ ನಡುವೆ ಮಾತು ನಿಂತಿತು. ಸವಿತಾ ಕೊಟ್ಟಿಗೆಗೂ ಡೈರಿಗೂ ತಿರುಗುತ್ತಿದ್ದಳು. ಬಂದ ನೆಂಟರಿಗೆಲ್ಲ ಅಕ್ಕ ದನಿ ತಗ್ಗಿಸಿ ಕಥೆ ಹೇಳುತ್ತಿದ್ದಳು. ಒಂದು ಮಧ್ಯಾಹ್ನ ಸವಿತಾ ತನ್ನ ತವರಿಗೆ ಫೋನು ಮಾಡಿ, "ಒಂದೆಂಟ್ ದಿನ ಬತ್ತೀನಿ ಕಣವ್ವ" ಎಂದದ್ದು ಕೇಳಿಸಿತು. ಎಂಟು ದಿನಕ್ಕೆ ಹೋದವಳು ಮರಳುವಳೋ ಇಲ್ಲವೋ ಎಂಬುದು ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ನನಗೆ ಅದು ಗೊತ್ತಿತ್ತು.

ಆ ಶನಿವಾರ ದೇವಾಲಯದ ಗುರುಗಳಲ್ಲಿ ಪಾಪನಿವೇದನೆ ಮಾಡಿದೆ. ಎಲ್ಲವನ್ನೂ ಹೇಳಿದೆ, ಹಗುರವಾಗುವೆನೆಂದು ಕಾದೆ. ನನ್ನ ಮಗನಿಗಿಂತ ಚಿಕ್ಕ ವಯಸ್ಸಿನ ಆ ಗುರುಗಳು, "ದೇವರು ಕ್ಷಮಿಸುತ್ತಾರೆ ಮೇಷ್ಟ್ರೇ. ಆದರೆ ಇಲ್ಲಿ ಕೆಟ್ಟ ಹೆಸರು ಬಂದಿರುವುದು ದೇವರಿಗಲ್ಲವಲ್ಲ" ಎಂದರು. ಪ್ರಾಯಶ್ಚಿತ್ತವಾಗಿ ಮೂರು ಜಪಗಳನ್ನು ಕೊಟ್ಟರು. ಅಷ್ಟು ಕಡಿಮೆ ಕೊಟ್ಟದ್ದೇಕೆಂದು ದಾರಿಯುದ್ದಕ್ಕೂ ಯೋಚಿಸಿದೆ. ಉಳಿದದ್ದನ್ನು ಎಲ್ಲಿ ಸಲ್ಲಿಸಬೇಕೆಂದು ಅವರಿಗೂ ತಿಳಿದಿತ್ತು, ನನಗೂ.

ಮರುದಿನ ಭಾನುವಾರ. ಮಧ್ಯಾಹ್ನ ಊಟಕ್ಕೆ ನಾನು ಕುಳಿತಿದ್ದೆ. ಅಂತೋಣಿ ಕೈತೊಳೆಯಲು ಹೋಗಿದ್ದ. ಸವಿತಾ ಹಿತ್ತಿಲ ಬಾಗಿಲಲ್ಲಿ ಹಾಲಿನ ಕ್ಯಾನು ಉಜ್ಜುತ್ತಿದ್ದಳು. ಒಳಗೆ ಅವಳ ಬಟ್ಟೆಯ ಚೀಲ ಕಟ್ಟಿಟ್ಟಿತ್ತು. ಅಕ್ಕ ಅತ್ತಿತ್ತ ನೋಡಿ, ಸೌಟು ತುಂಬ ಬಸ್ಸಾರು ತಂದು ನನ್ನ ಅನ್ನದ ಮೇಲೆ ಸುರಿದಳು.

"ಒಂಚೂರ್ ಉಣ್ಲಾ. ಮೊಕ ನೋಡಕ್ಕಾಗಾಕಿಲ್ಲ ನಿಂದು. ಒಂದ್ ಸೌಟ್ಗೆ ಏನಾದದು?"

ಸಾರಿನ ಆವಿ ಮುಖಕ್ಕೆ ಹೊಡೆಯಿತು. ಹಿತ್ತಿಲ ಬಾಗಿಲಲ್ಲಿ ಉಜ್ಜುವ ಸದ್ದು ನಿಂತಿತು. ಸವಿತಾ ಎದ್ದು ನಿಂತಿದ್ದಳು. ಬಾಯಿ ತೆರೆದಳು, ಮುಚ್ಚಿದಳು. ನನ್ನ ತಟ್ಟೆಯ ಮಾತು ಆಡುವ ಹಕ್ಕನ್ನು ಆ ಮನೆಯಲ್ಲಿ ಅವಳಿಂದ ಕಸಿದಿದ್ದೆವು. ಅವಳು ನನ್ನ ತಟ್ಟೆಯನ್ನೇ ನೋಡುತ್ತಿದ್ದಳು, ಕಾರಿನಲ್ಲಿ ನನ್ನ ಕಣ್ಣನ್ನು ನೋಡಿದಂತೆ. ಪ್ರೀತಿಯಿಂದ ಬಡಿಸಿದ್ದು ನನ್ನ ಮುಂದಿತ್ತು. ಪ್ರೀತಿಯಿಂದ ಬಡಿಸದೆ ಬಿಟ್ಟವಳು ಬಾಗಿಲಲ್ಲಿದ್ದಳು.

ತಟ್ಟೆಯನ್ನು ದೂರ ತಳ್ಳಿದೆ. ಅಷ್ಟರಲ್ಲಿ ಅಂತೋಣಿ ಬಂದ.

"ಏನತ್ತೆ ಇದು? ಅವ್ಳು ಮಾಡಿದ್ದನ್ನೇ ನೀವೂ ಮಾಡ್ತೀರಲ್ಲ!"

"ಅವಳು ಮಾಡಿದ್ದಲ್ಲ ಅಂತೋಣಿ," ಎಂದೆ. "ಅವಳು ಕೊಡಲಿಲ್ಲ. ನಾನು ಕದ್ದು ಕುಡಿದೆ. ಮೂರು ದಿನ. ಸೋಮವಾರ ಎರಡು ಲೋಟ ಕುಡಿದು, ಗೊತ್ತಾಗಬಾರದು ಅಂತ ನೀರು ಸುರಿದೆ. ಸಾರು ನೀರಾಗಿದೆ ಅಂತ ನೀನು ಅವಳ ಮೇಲೇ ಗೊಣಗಿದೆ. ಆಸ್ಪತ್ರೆಯಲ್ಲಿ ನನಗೆ ಎಚ್ಚರವಿತ್ತು. ಎಲ್ಲವೂ ಕೇಳಿಸಿತು."

ಅಂತೋಣಿ ಒದ್ದೆ ಕೈಯನ್ನು ಒರೆಸಿಕೊಳ್ಳದೆ ನಿಂತೇ ಇದ್ದ. ಮೊದಲು ಚೇತರಿಸಿಕೊಂಡವಳು ಅಕ್ಕ.

"ಅದೇನ್ ಪಂಡಿತ್ನಾಗಿದ್ದ್ಯೋ ಕಾಣೆ," ಎಂದಳು. "ಸಾರ್ಗೆ ತಣ್ಣೀರ್ ಉಯ್ದವ್ನೆ!"

ನಾನು ಸವಿತಾಳ ಕಡೆ ತಿರುಗಿದೆ. "ನಿನಗೆ ಹೇಗೆ ತಿಳಿಯಿತಮ್ಮ?"

"ತಿಳೀದೆ ಏನು ಮಾವ? ಎರಡ್ ಲೋಟ ನೀರ್ ಬಿದ್ರೆ ಬಸ್ಸಾರ್ ಎಂಗಾಯ್ತದೆ ಅಂತ ನಂಗೊತ್ತಿಲ್ವಾ? ಅವತ್ತು ನನ್ ಕೈಯೇ ತಪ್ತೇನೋ ಅಂದ್ಕಂಡೆ. ಬೆಳಿಗ್ಗೆ ನೀವ್ ಬಿದ್ರಲ್ಲ, ನಿಮ್ ನೀರಿನ್ ಸೀಸೆ ತರಕ್ಕೆ ಒಳಕ್ಕೋದೆ. ಲೋಟ ತೊಳ್ದು ಮಗುಚಿತ್ತು." ಅವಳ ತುಟಿಯಂಚು ಸ್ವಲ್ಪ ಸಡಿಲಿತು. "ಈ ಮನೇಲಿ ಯಾವ್ ಗಂಡಸ್ರು ಲೋಟ ತೊಳ್ದವ್ರೆ ಯೋಳಿ?"

"ಮತ್ತೆ ನೀನೇಕೆ ಒಪ್ಪಿಕೊಂಡೆ?"

"ಅಷ್ಟ್ ಜನದ್ ಮುಂದೆ ಮೇಷ್ಟ್ರು ಕದ್ದು ಕುಡುದ್ರು ಅಂತ ಯೋಳ್ಬೇಕಿತ್ತಾ? ನಿಮ್ ಶಿಷ್ಯ ಬ್ಯಾರೆ ಅಲ್ಲೇ ನಿಂತಿದ್ದ." ಅವಳು ಕ್ಯಾನನ್ನು ಎತ್ತಿಕೊಂಡಳು. "ನನ್ಗೇನು, ಬೈಸ್ಕಂಡ್ರಾಯ್ತು ಅಂದ್ಕಂಡೆ. ಇಷ್ಟ್ ದಿನ ಬೈಸ್ಕೊಬೇಕಾಯ್ತದೆ ಅಂತ ಗೊತ್ತಿರ್ಲಿಲ್ಲ."

ಆ ಕೊನೆಯ ಮಾತನ್ನು ಅವಳು ನನ್ನನ್ನು ನೋಡಿ ಹೇಳಲಿಲ್ಲ. ಅಂತೋಣಿ ಹಿತ್ತಿಲಿಗೆ ಹೋಗಿ ಅವಳ ಕೈಯಿಂದ ಕ್ಯಾನು ತೆಗೆದುಕೊಂಡ. ಅವರೇನು ಮಾತಾಡಿದರೋ, ಅಂದು ನಾನು ಕಿವಿಗೊಡಲಿಲ್ಲ.

ಅವಳು ಕೊಪ್ಪಕ್ಕೆ ಹೋದಳು. ಹೇಳಿದಂತೆ ಎಂಟೇ ದಿನಕ್ಕೆ ಬಂದಳು. ಆ ಎಂಟು ದಿನವೂ ಬರುವುದಿಲ್ಲವೇನೋ ಎಂದು ಸಂಶಯಪಟ್ಟೆ. ಮುಂದಿನ ಮಂಗಳವಾರ ಆರು ಹಾಸಿಗೆಗಳ ಆ ಕೋಣೆಯಲ್ಲಿ, ನನ್ನ ಶಿಷ್ಯನೂ ವೈದ್ಯೆಯೂ ಇದ್ದಾಗ, ಬಸ್ಸಾರು ಕುಡಿದವನು ಯಾರೆಂದು ಹೇಳಿದೆ. ಶಿಷ್ಯ ತಲೆತಗ್ಗಿಸಿ ನಕ್ಕ. ಕೆರಗೋಡಿನವರು ಪಕ್ಕದ ಹಾಸಿಗೆಯಿಂದ, "ನಾನೂ ಒಂದ್ಸಲ ಮಾವಿನ್ಹಣ್ಣು ತಿಂದಿವ್ನಿ ಯಜಮಾನ್ರೆ, ಯಾರ್ಗೂ ಯೋಳ್ಬ್ಯಾಡಿ" ಎಂದರು.

ಈಗ ಸೊಪ್ಪು ಬೆಂದಾಗ ಪಾತ್ರೆಯನ್ನು ಬಗ್ಗಿಸಿ ಬಸಿಯುವುದು ನನ್ನ ಕೆಲಸ. ಕೈ ನಡುಗುವುದರಿಂದ ಸವಿತಾ ಇನ್ನೊಂದು ಅಂಚು ಹಿಡಿಯುತ್ತಾಳೆ. ನನ್ನ ಲೋಟವನ್ನು ನಾನೇ ತೊಳೆಯುತ್ತೇನೆ. ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಸಂಶಯವೂ ಪೂರ್ತಿ ಹೋಗಿದೆಯೆಂದು ಹೇಳಿದರೆ ಅದು ಮತ್ತೊಂದು ಸುಳ್ಳಾದೀತು. ಇವತ್ತು ಮಧ್ಯಾಹ್ನ ಪಲ್ಯದಲ್ಲಿ ಉಪ್ಪು ನಿನ್ನೆಗಿಂತ ಕಡಿಮೆಯೆನ್ನಿಸಿ, ಒಂದು ಕ್ಷಣ ತಲೆಯೆತ್ತಿ ಅವಳ ಮುಖ ನೋಡಿದೆ.

"ಏನ್ ನೋಡ್ತೀರಿ ಮಾವ?" ಎಂದಳು. "ಉಣ್ಣಿ."

ಉಂಡೆ.